ಕಪ್ಪು ಕವಚಕ್ಕೆ ಕಪ್ಪು ಬಣ್ಣವೊಂದೇ ಸಾಲದು

ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಪ್ಲಾಸ್ಟಿಕ್ ಯೋಧನಿಗೆ ಕೆಂಪು ಕವಚ ಬಳಿಯುವುದು ಅಷ್ಟೇನೂ ಕಷ್ಟವಲ್ಲ. ಮೈಗೆ ಕೆಂಪು ಬಳಿದು, ಸಂದುಗಳಿಗೆ ಗಾಢ ಕೆಂಪು ಇಳಿಸಿ, ಅಂಚುಗಳ ಮೇಲೆ ಕಿತ್ತಳೆ ಗೆರೆ ಎಳೆದರೆ ಕವಚ ಎದ್ದು ನಿಲ್ಲುತ್ತದೆ. ಕಪ್ಪು ಕವಚದಲ್ಲಿ ಈ ದಾರಿ ಮೊದಲ ಹೆಜ್ಜೆಯಲ್ಲೇ ಮುಚ್ಚಿಹೋಗುತ್ತದೆ. ಕಪ್ಪಿಗಿಂತ ಗಾಢವಾದ ಬಣ್ಣ ಯಾವ ಶೀಶೆಯಲ್ಲೂ ಇಲ್ಲ, ಆದ್ದರಿಂದ ನೆರಳು ಹಾಕಲು ಜಾಗವಿಲ್ಲ. ಬೆಳಕು ತೋರಿಸಲು ಹೊರಟರೆ ಕವಚ ಬೂದು ಬಣ್ಣಕ್ಕೆ ತಿರುಗುತ್ತದೆ. ಹಾಗೆಯೇ ಬಿಟ್ಟರೆ ಮೇಜಿನ ಮೇಲೆ ಯೋಧನ ಆಕಾರದ ಒಂದು ತೂತು ಮಾತ್ರ ಕಾಣುತ್ತದೆ.

ಈ ಹವ್ಯಾಸದ ಪರಿಚಯವಿಲ್ಲದವರಿಗೆ ಎರಡು ಮಾತು. ಮೇಜಿನ ಮೇಲೆ ಪುಟ್ಟ ಸೇನೆಗಳನ್ನು ಹೂಡಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಆಡುವ ಯುದ್ಧದಾಟಗಳಿವೆ. ಅವುಗಳಲ್ಲಿ ಹೆಚ್ಚು ಹೆಸರಾದ ‘ವಾರ್‌ಹ್ಯಾಮರ್ 40,000’ ಹೊರಬಂದದ್ದು 1987ರಲ್ಲಿ, ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯಿಂದ. ಆಟದ ಬೊಂಬೆಗಳು ಬಿಡಿಭಾಗಗಳಾಗಿ ಬರುತ್ತವೆ. ಜೋಡಿಸುವುದೂ ಬಣ್ಣ ಹಚ್ಚುವುದೂ ಕೊಂಡವರ ಕೆಲಸ. ಆಡುವುದಕ್ಕಿಂತ ಬಣ್ಣ ಹಚ್ಚುವುದರಲ್ಲೇ ಮುಳುಗಿದವರು ಬಹಳ ಮಂದಿ. ಬೆಳಗಾವಿಯಲ್ಲಿ ಕುಳಿತು ಬಣ್ಣ, ಕುಂಚಗಳನ್ನು ಆನ್‌ಲೈನಿನಲ್ಲಿ ತರಿಸಿಕೊಳ್ಳುವ ನಾನೂ ಆ ಗುಂಪಿಗೇ ಸೇರಿದವನು. ಈ ಆಟದ ಬ್ಲ್ಯಾಕ್ ಟೆಂಪ್ಲರ್ಸ್, ರೇವನ್ ಗಾರ್ಡ್, ಐರನ್ ಹ್ಯಾಂಡ್ಸ್, ಡೆತ್‌ವಾಚ್ ಪಡೆಗಳೆಲ್ಲ ಕರಿ ಕವಚದವು. ಹೊಸಬರು ‘ಒಂದೇ ಬಣ್ಣ, ಸುಲಭ’ ಎಂದುಕೊಂಡು ಇವನ್ನೇ ಆರಿಸುತ್ತಾರೆ.

ಕಪ್ಪು ವಸ್ತುವೊಂದರ ಆಕಾರ ನಮಗೆ ಹೇಗೆ ತಿಳಿಯುತ್ತದೆ ಎಂಬಲ್ಲಿಂದ ಶುರು ಮಾಡಬೇಕು. ಬೆಳಕು ವಸ್ತುವಿನಿಂದ ಎರಡು ಬಗೆಯಲ್ಲಿ ಹಿಂದಿರುಗುತ್ತದೆ. ಬಣ್ಣದ ಪದರದೊಳಗೆ ಹೊಕ್ಕು, ಚದುರಿ, ಎಲ್ಲ ದಿಕ್ಕಿಗೂ ಹೊರಬರುವುದು ಒಂದು ಬಗೆ. ಹೊರಮೈಯಿಂದಲೇ ಕನ್ನಡಿಯಲ್ಲಿ ಆಗುವಂತೆ ಪುಟಿಯುವುದು ಇನ್ನೊಂದು ಬಗೆ. ಕೆಂಪು ಕವಚ ಕೆಂಪಾಗಿ ಕಾಣುವುದು ಮೊದಲನೆಯದರಿಂದ. ಕಪ್ಪು ಬಣ್ಣವು ಒಳಹೊಕ್ಕ ಬೆಳಕನ್ನು ಹೆಚ್ಚು ಕಡಿಮೆ ಪೂರ್ತಿ ನುಂಗಿಬಿಡುವುದರಿಂದ ಉಳಿಯುವುದು ಎರಡನೆಯದು ಮಾತ್ರ. ಅಂದರೆ ಕಪ್ಪು ಕವಚದ ಮೇಲೆ ನಾವು ನೋಡುವುದು ಕವಚವನ್ನಲ್ಲ, ಕವಚದಲ್ಲಿ ಬಿದ್ದ ಸುತ್ತಲಿನ ಪ್ರತಿಬಿಂಬವನ್ನು. ಬ್ರಿಟನ್ನಿನ ಸರ್ರೆ ನ್ಯಾನೋಸಿಸ್ಟಮ್ಸ್ ಕಂಪನಿ 2014ರಲ್ಲಿ ಪ್ರಕಟಿಸಿದ ವಾಂಟಾಬ್ಲ್ಯಾಕ್ ಎಂಬ ಲೇಪನ ಶೇ 99.965ರಷ್ಟು ಬೆಳಕನ್ನು ಹೀರಿಕೊಳ್ಳುತ್ತದೆ. ಮುದುಡಿದ ಅಲ್ಯೂಮಿನಿಯಂ ಹಾಳೆಯ ಮೇಲೆ ಅದನ್ನು ಬೆಳೆಸಿದಾಗ ಮುದುಡುಗಳೆಲ್ಲ ಮಾಯವಾಗಿ ಹಾಳೆ ಚಪ್ಪಟೆಯಾಗಿ ಕಂಡಿತು. ಪ್ರತಿಬಿಂಬ ಇಲ್ಲವಾದರೆ ಆಕಾರವೂ ಇಲ್ಲ.

ಇನ್ನು ಅಳತೆಯ ಮಾತು; ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ನುಣುಪಾದ ಬಣ್ಣದ ಮೇಲ್ಮೈ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಪುಟಿಸುತ್ತದೆ. ಆಕಾಶದ ಬೆಳಕಿನ ಶೇ 4 ಎಂದರೆ ಬಹಳ ಮಂಕು, ಗಾಢ ನೀಲಿ-ಬೂದು ಅಷ್ಟೇ. ನೆಲದಿಂದ ಬರುವ ಬೆಳಕಿನ ಶೇ 4 ಕಪ್ಪಿನಿಂದ ಬೇರೆಯಾಗಿ ಕಾಣುವುದೇ ಕಷ್ಟ. ಆದರೆ ಸೂರ್ಯಬಿಂಬದ ಶೇ 4 ಕೂಡ ಬಿಸಿಲಿನಲ್ಲಿಟ್ಟ ಬಿಳಿ ಹಾಳೆಗಿಂತ ಸಾವಿರಾರು ಪಟ್ಟು ಪ್ರಖರ. ಹಾಗಾಗಿ ನಿಜವಾದ ಕಪ್ಪು ಕವಚದ ಮೇಲೆ ಬೆಳಕು ಮೂರು ಮಟ್ಟದಲ್ಲಿ ಹಂಚಿಕೆಯಾಗಿರುತ್ತದೆ. ಬಹುಪಾಲು ಮೈ ಕಪ್ಪಿಗೆ ಅಂಟಿಕೊಂಡಿರುತ್ತದೆ, ಆಕಾಶಕ್ಕೆ ಮುಖ ಮಾಡಿದ ಕಡೆ ಗಾಢ ಬೂದಿನ ಹರವು ಇರುತ್ತದೆ, ಎಲ್ಲೋ ಒಂದೆರಡು ಕಡೆ ಸೂಜಿಮೊನೆಯಷ್ಟು ಜಾಗದಲ್ಲಿ ಅಚ್ಚ ಬಿಳಿ ಮಿಂಚುತ್ತದೆ. ನಡುವಿನ ಬೂದುಗಳಿಗೆ ಅಲ್ಲಿ ಬಹಳ ಕಡಿಮೆ ಜಾಗ. ನಾವು ಎಡವುವುದೇ ಇಲ್ಲಿ: ಕೆಂಪಿನ ಅಭ್ಯಾಸದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬೂದು ಬಳಿಯುತ್ತೇವೆ, ಕೊನೆಗೆ ಕೈಗೆ ಬರುವುದು ಬೂದು ಕವಚ. ಕಪ್ಪನ್ನು ಕಪ್ಪಾಗಿ ಉಳಿಸುವುದು ಹೊಳಪಿನ ಕಡಿಮೆ ಪ್ರಖರತೆಯಲ್ಲ, ಕಡಿಮೆ ವಿಸ್ತಾರ. ಎಷ್ಟು ಬಿಳಿಗೆ ಬೇಕಾದರೂ ಹೋಗಬಹುದು, ಜಾಗ ಮಾತ್ರ ಕಿರಿದಾಗುತ್ತ ಹೋಗಬೇಕು.

ಅಂಚುಗಳ ಮೇಲೆ ತಿಳಿ ಗೆರೆ ಎಳೆಯುವ ಪದ್ಧತಿಯನ್ನು, ಅಂದರೆ ಎಡ್ಜ್ ಹೈಲೈಟನ್ನು, ಕೆಲವರು ಕಾರ್ಟೂನಿನ ಗೆರೆ ಎಂದು ಹಗುರವಾಗಿ ಕಾಣುತ್ತಾರೆ. ಅದಕ್ಕೂ ಕಾರಣವಿದೆ. ಲೋಹದ ಯಾವ ಅಂಚೂ ಪೂರ್ತಿ ಚೂಪಾಗಿರುವುದಿಲ್ಲ. ಹತ್ತಿರದಿಂದ ನೋಡಿದರೆ ಅದೊಂದು ಬಹಳ ಸಣ್ಣ ತಿರುವು. ಆ ತಿರುವಿನಲ್ಲಿ ಮೇಲ್ಮೈ ಅನೇಕ ದಿಕ್ಕುಗಳಿಗೆ ಮುಖ ಮಾಡಿರುವುದರಿಂದ ಅದರ ಯಾವುದೋ ಒಂದು ಎಳೆ ಬೆಳಕನ್ನು ನಮ್ಮ ಕಣ್ಣಿಗೆ ಎಸೆದೇ ಎಸೆಯುತ್ತದೆ. ಇದರ ಜೊತೆಗೆ, ಓರೆಯಾಗಿ ಬಿದ್ದ ಬೆಳಕನ್ನು ನುಣುಪು ಮೈ ಶೇ 4ಕ್ಕಿಂತ ಬಹಳ ಹೆಚ್ಚಾಗಿ ಪುಟಿಸುತ್ತದೆ. ದುಂಡನೆಯ ಭುಜಕವಚದ ಹೊರ ಅಂಚು ನಡುಭಾಗಕ್ಕಿಂತ ತುಸು ತಿಳಿಯಾಗಿ ಕಾಣುವುದು ಅದಕ್ಕೇ.

ಓದಿ ತಿಳಿದದ್ದನ್ನು ಕಣ್ಣಿಂದ ನೋಡಬೇಕೆನ್ನುವವರು ವಿಜಯಪುರದ ಶೇರ್ಜಾ ಬುರುಜು ಹತ್ತಬಹುದು. ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದ್‌ನಗರದಲ್ಲಿ. ಸುಮಾರು 55 ಟನ್ ತೂಕದ ಈ ಕಂಚಿನ ತೋಪಿನ ಮೈ ಗಾಢ ಹಸಿರು ಛಾಯೆಯ ಕಪ್ಪು, ಕೈಯಾಡಿಸಿದರೆ ನುಣುಪು. ಪ್ರವಾಸಿಗರು ಆನೆಯನ್ನು ನುಂಗುತ್ತಿರುವ ಸಿಂಹಬಾಯಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಣ್ಣ ಹಚ್ಚುವವರು ಪಕ್ಕಕ್ಕೆ ಸರಿದು ಕೊಳವೆಯನ್ನು ನೋಡಬೇಕು. ಬಿಸಿಲಿನ ಹೊಳಪು ಚುಕ್ಕೆಯಾಗಿರದೆ ತೋಪಿನ ಉದ್ದಕ್ಕೂ ಪಟ್ಟೆಯಾಗಿ ಹರಿದಿರುತ್ತದೆ. ಅದರ ಆಚೀಚೆ ಆಕಾಶದ ತಣ್ಣನೆಯ ತಿಳಿ, ಹೊಟ್ಟೆಯ ಕೆಳಗೆ ಕಲ್ಲುಹಾಸಿನಿಂದ ಪುಟಿದ ಬೆಚ್ಚನೆಯ ಕಂದು. ನೀವು ಎರಡು ಹೆಜ್ಜೆ ಸರಿದರೆ ಪಟ್ಟೆಯೂ ಸರಿಯುತ್ತದೆ. ಉರುಳೆಯಾಕಾರದ ಯಾವ ಭಾಗಕ್ಕೂ, ಅದು ಬೊಂಬೆಯ ತೊಡೆಯಾಗಿರಲಿ, ಮುಂಗೈಯಾಗಿರಲಿ, ಬಂದೂಕಿನ ನಳಿಕೆಯಾಗಿರಲಿ, ಹೊಳಪನ್ನು ಉದ್ದದ ಪಟ್ಟೆಯಾಗಿಯೇ ಬಳಿಯಬೇಕು. ಗೋಳಾಕಾರದ ಭುಜ, ಮಂಡಿ, ಶಿರಸ್ತ್ರಾಣಗಳ ಮೇಲೆ ಅದೇ ಹೊಳಪು ಚುಕ್ಕೆಯಾಗಿ ಕೂಡುತ್ತದೆ. ಚಪ್ಪಟೆ ತಗಡಿನಲ್ಲಿ ಇಡೀ ಮುಖವೇ ಒಮ್ಮೆಗೆ ತಿಳಿಯಾಗುತ್ತದೆ, ಇಲ್ಲವೇ ಇಡೀ ಮುಖವೇ ಕಪ್ಪಾಗಿ ಉಳಿಯುತ್ತದೆ.

ಬೊಂಬೆ ತನ್ನಷ್ಟಕ್ಕೆ ತಾನೇ ಕೋಣೆಯ ಬೆಳಕನ್ನು ಪುಟಿಸುವುದಿಲ್ಲವೇ, ನಾವೇಕೆ ಬಳಿಯಬೇಕು ಎಂದು ಕೇಳಬಹುದು. ಪುಟಿಸುತ್ತದೆ, ಆದರೆ ಅಳತೆ ತಪ್ಪುತ್ತದೆ. 28 ಮಿಲಿಮೀಟರಿನ ಬೊಂಬೆ ನಿಜ ಮನುಷ್ಯನ ಸುಮಾರು ಅರವತ್ತರಲ್ಲಿ ಒಂದು ಪಾಲು. ಅದನ್ನು 60 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ನಿಜ ಯೋಧನನ್ನು 36 ಮೀಟರ್ ದೂರದಿಂದ ನೋಡಿದಂತೆ. ಅಷ್ಟು ಪುಟ್ಟ ಮೈಯಲ್ಲಿ ಸಂದಿನ ನೆರಳು, ಅಂಚಿನ ಮಿಂಚು ಕಣ್ಣಿಗೆ ಹಿಡಿಯುವಷ್ಟು ಹುಟ್ಟುವುದಿಲ್ಲ. ಆದ್ದರಿಂದ ನೆರಳು, ಬೆಳಕು ಎರಡನ್ನೂ ಕುಂಚದಿಂದಲೇ ಕೊಡಬೇಕು, ತುಸು ಹೆಚ್ಚೇ ಕೊಡಬೇಕು. 0.2 ಮಿಲಿಮೀಟರಿನ ಅಂಚುಗೆರೆ ನಿಜ ಅಳತೆಯಲ್ಲಿ 12 ಮಿಲಿಮೀಟರ್ ಆಗುತ್ತದೆ. ಅಂಥ ಅಂಚು ಯಾವ ಕವಚಕ್ಕೂ ಇರಲಿಲ್ಲ. ಆದರೂ ಕಣ್ಣು ಅದನ್ನು ಒಪ್ಪುತ್ತದೆ.

ಕುಂಚ ಹಿಡಿಯುವ ಮುನ್ನ ತೀರ್ಮಾನಿಸಬೇಕಾದದ್ದು ಇದು ಯಾವ ಕಪ್ಪು ಎಂಬುದು. ಇತಿಹಾಸದಲ್ಲಿ ಕಪ್ಪು ಕವಚಗಳು ಒಂದೇ ಬಗೆಯಲ್ಲಿರಲಿಲ್ಲ. ಜಪಾನಿನ ಸಮುರಾಯ್‌ಗಳ ಕಬ್ಬಿಣದ ಪಟ್ಟಿಗಳಿಗೆ ಮರದ ರಸದಿಂದ ಮಾಡಿದ ಅರಗಿನ ಲೇಪ ಇರುತ್ತಿತ್ತು. ಅದರ ಹೊಳಪು ಚೂಪು, ಗಡಿ ಸ್ಪಷ್ಟ. ಹದಿನಾರನೆಯ ಶತಮಾನದ ಜರ್ಮನ್ ಪಿಸ್ತೂಲು ಸವಾರರಿಗೆ ‘ಕರಿ ಸವಾರರು’ ಎಂಬ ಹೆಸರು ಬಂದದ್ದು ಅವರ ಕಪ್ಪು ಕವಚದಿಂದ. ತುಕ್ಕು ತಡೆಯಲು ಆ ಕಾಲದ ಕವಚಗಳಿಗೆ ಕಪ್ಪು ಬಣ್ಣ ಬಳಿಯುತ್ತಿದ್ದರು, ಇಲ್ಲವೇ ಎಣ್ಣೆ ಹಚ್ಚಿ ಸುಡುತ್ತಿದ್ದರು. ಅಂಥ ಮೈ ಒರಟು, ಹೊಳಪು ಹರಡಿಕೊಂಡು ಕಂದಿಗೆ ವಾಲುತ್ತದೆ. ವಾರ್‌ಹ್ಯಾಮರಿನ ಕಾಲ್ಪನಿಕ ಕವಚ ಬಣ್ಣ ಬಳಿದ ಯಂತ್ರದಂಥದ್ದು, ಎರಡರ ನಡುವೆ ನಿಲ್ಲುತ್ತದೆ. ಘಟಪ್ರಭೆಯ ನೀರಿನಿಂದ ಈಗಷ್ಟೇ ಎದ್ದುಬಂದ ಎಮ್ಮೆಗೂ ಹಟ್ಟಿಯಲ್ಲಿ ಧೂಳು ಹೊದ್ದು ಮಲಗಿದ ಎಮ್ಮೆಗೂ ಬಣ್ಣ ಒಂದೇ. ಮೊದಲನೆಯದರ ಬೆನ್ನಮೂಳೆ ಬಿಳಿ ಗೆರೆಯಾಗಿ ಮಿಂಚುತ್ತದೆ, ಎರಡನೆಯದು ಮೈಯೆಲ್ಲ ಒಂದೇ ಮಂಕು ಬೂದು. ಒಂದೇ ಬೊಂಬೆಯ ಮೇಲೆ ಕರಿ ಕವಚ, ಕರಿ ನಿಲುವಂಗಿ, ಕರಿ ಚರ್ಮದ ಪಟ್ಟಿ ಮೂರೂ ಇದ್ದರೆ ಅವುಗಳನ್ನು ಬೇರ್ಪಡಿಸುವುದೂ ಈ ವ್ಯತ್ಯಾಸದಿಂದಲೇ. ಬಟ್ಟೆಗೆ ಅಗಲವಾದ ಮಂಕು ಹೊಳಪು, ನಡುಬೂದಿಗಿಂತ ಮೇಲೇರಬಾರದು. ಚರ್ಮಕ್ಕೆ ಸವೆದ ಕಡೆ ಸಣ್ಣ ಸಣ್ಣ ಕಂದು ಗೀರುಗಳು. ಅಚ್ಚ ಬಿಳಿ ಕವಚಕ್ಕೆ ಮಾತ್ರ ಮೀಸಲು.

ಬಣ್ಣದ ವಾಲು ಇನ್ನೊಂದು ತೀರ್ಮಾನ. ಬೂದಿನಲ್ಲಿ ನೀಲಿ ಬೆರೆತರೆ ಕವಚ ತಣ್ಣಗೆ, ಗಟ್ಟಿಯಾಗಿ, ಹೊಸದಾಗಿ ಕಾಣುತ್ತದೆ. ಕಂದು ಬೆರೆತರೆ ಹಳತಾಗಿ, ಬಳಸಿದ್ದಾಗಿ ಕಾಣುತ್ತದೆ. ಶುದ್ಧ ಬೂದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅದರಲ್ಲಿ ಸಿಮೆಂಟಿನ ನೆನಪಿದೆ. ಗೇಮ್ಸ್ ವರ್ಕ್‌ಶಾಪ್ ಕಂಪನಿಯದೇ ಆದ ಸಿಟಡೆಲ್ ಬಣ್ಣಗಳಲ್ಲಿ ಡಾರ್ಕ್ ರೀಪರ್, ಥಂಡರ್‌ಹಾಕ್ ಬ್ಲೂ, ಫೆನ್ರಿಸಿಯನ್ ಗ್ರೇ ಎಂಬ ಮೂರು ತಣ್ಣನೆಯ ಸಾಲಿಗೆ ಸಾಕು. ಶುದ್ಧ ಬೂದಿನ ಸಾಲು ಬೇಕೆನ್ನುವವರಿಗೆ ಎಶಿನ್ ಗ್ರೇ, ಡಾನ್‌ಸ್ಟೋನ್, ಅಡ್ಮಿನಿಸ್ಟ್ರಾಟಮ್ ಗ್ರೇ ಇವೆ. ಬೇರೆ ಕಂಪನಿಯ ಬಣ್ಣಗಳಾದರೂ ನಡೆಯುತ್ತದೆ. ನಿಮ್ಮಲ್ಲಿರುವ ಕಪ್ಪು ಎತ್ತ ವಾಲುತ್ತದೆ ಎಂದು ತಿಳಿಯಲು ಅದಕ್ಕೆ ಒಂದು ಹನಿ ಬಿಳಿ ಬೆರೆಸಿ ನೋಡಿ. ಮಸಿಯಿಂದ ಮಾಡಿದ ಕಪ್ಪು ನೀಲಿಗೆ, ಕಬ್ಬಿಣದ ಆಕ್ಸೈಡಿನ ಕಪ್ಪು ಕಂದಿಗೆ ವಾಲುತ್ತದೆ. ಒಂದು ಕವಚದ ಮೇಲೆ ಒಂದೇ ವಾಲು ಇರಲಿ, ನೆಲದತ್ತ ಮುಖ ಮಾಡಿದ ಭಾಗಗಳಿಗೆ ಮಾತ್ರ ಬೇಕಿದ್ದರೆ ತುಸು ಕಂದು.

ಬಣ್ಣ ಅಂಟಿಕೊಳ್ಳಲೆಂದು ಮೊದಲು ಹಚ್ಚುವ ಪ್ರೈಮರ್ ವಿಷಯದಲ್ಲಿ ನಮ್ಮ ಮೂರು ಜಿಲ್ಲೆಗಳ ಹವೆ ಮೂರು ಬಗೆಯಲ್ಲಿ ಆಟವಾಡಿಸುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಸ್ಪ್ರೇ ಬಣ್ಣ ಮಂಜು ಹಿಡಿದಂತೆ ಬೆಳ್ಳಗಾಗಬಹುದು. ವಿಜಯಪುರದ ಬೇಸಿಗೆಯಲ್ಲಿ, ಪಾರಾ 40 ಡಿಗ್ರಿ ದಾಟಿದ ಮಧ್ಯಾಹ್ನ, ಹನಿಗಳು ಬೊಂಬೆ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಮರಳಿನ ಕಾಳುಗಳಾಗಿ ಅಂಟುತ್ತವೆ. ಬಾಗಲಕೋಟೆಯ ಬಯಲಿನಲ್ಲಾದರೆ ಗಾಳಿಯೊಂದಿಗೆ ಧೂಳು. ಕಪ್ಪು ಮೈ ಮೇಲೆ ಇಂಥ ಒರಟುತನ ಬೇರೆಲ್ಲ ಬಣ್ಣಕ್ಕಿಂತ ಹೆಚ್ಚು ಎದ್ದು ಕಾಣುತ್ತದೆ, ಏಕೆಂದರೆ ಪ್ರತಿ ಕಾಳೂ ಬೆಳಕನ್ನು ಚದುರಿಸುತ್ತದೆ. ಬೇಸಿಗೆಯಾದರೆ ಬೆಳಗಿನ ತಂಪಿನಲ್ಲಿ, ಮಳೆಗಾಲವಾದರೆ ಹೊಳವಾದ ದಿನ ನೋಡಿ, 20ರಿಂದ 30 ಸೆಂಟಿಮೀಟರ್ ದೂರದಿಂದ ತೆಳುವಾಗಿ ಹೊಡೆಯುವುದು ಒಳ್ಳೆಯದು. ಅದೂ ಆಗದಿದ್ದರೆ ಕುಂಚದಿಂದ ಹಚ್ಚುವ ಪ್ರೈಮರ್ ಇದ್ದೇ ಇದೆ. ಮೊದಲು ಕಪ್ಪು ಪ್ರೈಮರ್ ಪೂರ್ತಿ ಹೊಡೆದು, ಬಳಿಕ ನೆತ್ತಿಯ ಮೇಲಿನಿಂದ ಮಾತ್ರ ತಿಳಿ ಬೂದನ್ನು ಸಿಂಪಡಿಸಿದರೆ ಬೆಳಕು ಎಲ್ಲೆಲ್ಲಿ ಬೀಳುತ್ತದೆ ಎಂಬ ನಕ್ಷೆ ಸಿಗುತ್ತದೆ. ಅದರ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಮುಂದಿನ ಪದರದ ಕೆಳಗೆ ಈ ನಕ್ಷೆ ಮುಚ್ಚಿಹೋಗುತ್ತದೆ.

ಮೂಲ ಪದರಕ್ಕೆ ಅಚ್ಚ ಕಪ್ಪನ್ನು ಬಳಸಬಾರದು. ಮೂರು ಪಾಲು ಕಪ್ಪಿಗೆ ಒಂದು ಪಾಲು ಗಾಢ ನೀಲಿ-ಬೂದು ಬೆರೆಸಿದರೆ ಕಪ್ಪೆಂದೇ ಕಾಣುವ, ಆದರೆ ತನಗಿಂತ ಕೆಳಗೆ ಒಂದು ಮೆಟ್ಟಿಲು ಉಳಿಸಿಕೊಂಡ ಬಣ್ಣ ಸಿಗುತ್ತದೆ. ಈಗ ಸಂದುಗಳಿಗೆ ನೀರಾಗಿಸಿದ ಅಚ್ಚ ಕಪ್ಪನ್ನೋ ನಲ್ನ್ ಆಯಿಲ್‌ನಂಥ ವಾಶನ್ನೋ (ಸಂದುಗಳಿಗೆ ತಾನೇ ಹರಿದಿಳಿಯುವ ತೆಳು ಬಣ್ಣ) ಇಳಿಸಬಹುದು. ಆರಂಭದಲ್ಲಿ ಇಲ್ಲವೆಂದ ನೆರಳಿಗೆ ಜಾಗ ಹುಟ್ಟಿದ್ದು ಹೀಗೆ. ಬಣ್ಣ ತಟ್ಟೆಯಲ್ಲೇ ಒಣಗುವ ನಮ್ಮ ಬೇಸಿಗೆಗೆ ಒದ್ದೆ ತಟ್ಟೆ ಅನಿವಾರ್ಯ. ಬಿಗಿ ಮುಚ್ಚಳದ ಕುಂದಾ ಡಬ್ಬಿಯನ್ನು ಚೆನ್ನಾಗಿ ತೊಳೆದು, ತಳಕ್ಕೆ ತೆಳು ಸ್ಪಂಜು ಹಾಸಿ ನೀರು ಹನಿಸಿ, ಮೇಲೆ ಕೇಕ್ ಬೇಯಿಸಲು ಬಳಸುವ ಪಾರ್ಚ್‌ಮೆಂಟ್ ಕಾಗದ ಹರಡಿದರೆ ಸಾಕು.

ಬಳಿಕ ಆಕಾಶದ ಪ್ರತಿಬಿಂಬ. ಮೊದಲು ತೆಗೆದ ಫೋಟೊ ನೋಡಿಕೊಂಡು ತಿಳಿಯಾಗಿದ್ದ ಭಾಗಗಳ ಮೇಲಿನ ಅರ್ಧಕ್ಕಷ್ಟೇ ಗಾಢ ನೀಲಿ-ಬೂದನ್ನು ತೆಳುವಾಗಿ ಎಳೆಯಬೇಕು. ಕುಂಚವನ್ನು ಎತ್ತುವ ತುದಿಯಲ್ಲಿ ಬಣ್ಣ ಹೆಚ್ಚು ಕೂಡುತ್ತದೆ, ಆದ್ದರಿಂದ ಎಳೆತ ಸದಾ ಬೆಳಕಿನ ಕಡೆಗೆ ಮುಗಿಯಲಿ. ಆಕಾಶ ಮತ್ತು ನೆಲದ ಪ್ರತಿಬಿಂಬಗಳು ಸೇರುವ ಗಡಿಯನ್ನು ಪೂರ್ತಿ ತಿದ್ದಿ ನುಣುಪಾಗಿಸುವ ಆಸೆ ಬೇಡ. ನಯವಾದ ಲೋಹದ ಮೇಲೆ ಆ ಗಡಿ ಸ್ಪಷ್ಟವಾಗಿಯೇ ಇರುತ್ತದೆ, ಅದನ್ನು ಮಸುಕುಗೊಳಿಸಿದಷ್ಟೂ ಕವಚ ರಬ್ಬರಿನ ಕಡೆಗೆ ಜಾರುತ್ತದೆ.

ಅಂಚಿನ ಗೆರೆಗಳಿಗೆ ಕುಂಚದ ಮೊನೆ ಬೇಡ, ಪಕ್ಕೆ ಸಾಕು. ಅಂಚಿಗೆ ಅಡ್ಡವಾಗಿ ಕುಂಚ ಹಿಡಿದು ಸವರಿಕೊಂಡು ಹೋದರೆ ಗೆರೆ ತಾನೇ ನೇರ ಬರುತ್ತದೆ. ಬಣ್ಣದ ಹದವನ್ನು ಹೆಬ್ಬೆರಳಿನ ಉಗುರಿನ ಮೇಲೆ ನೋಡಿಕೊಳ್ಳಿ: ಗೆರೆ ಹರಡಿದರೆ ನೀರು ಹೆಚ್ಚು, ಕಡಿದು ಕಡಿದು ಬಂದರೆ ಕಡಿಮೆ. ಮೊದಲ ಸುತ್ತು ನಡುಬೂದು, ಬಹುತೇಕ ಎಲ್ಲ ಅಂಚುಗಳಿಗೆ. ಎರಡನೆಯ ಸುತ್ತು ತಿಳಿ ಬೂದು, ಮೇಲ್ಮುಖದ ಅಂಚುಗಳಿಗೆ ಮಾತ್ರ, ಮೊದಲಿನದಕ್ಕಿಂತ ಸಣಕಲು. ಕೊನೆಗೆ ಎರಡು ಮೂರು ಅಂಚುಗಳು ಕೂಡುವ ಮೂಲೆಗಳಲ್ಲಿ ಬಿಳಿ ಚುಕ್ಕೆ. ಎಲ್ಲ ಅಂಚಿಗೂ ಒಂದೇ ಪ್ರಖರತೆ ಕೊಟ್ಟರೆ ಬೊಂಬೆ ನೀಲನಕ್ಷೆಯಾಗುತ್ತದೆ. ಕಾಲುಗಳ ಕೆಳಭಾಗದ ಅಂಚುಗಳನ್ನು ಮೊದಲ ಸುತ್ತಿನಲ್ಲೇ ಬಿಟ್ಟುಬಿಡುವ ಧೈರ್ಯ ಬೇಕು. ಒಣ ಕುಂಚ ಉಜ್ಜಿ ಅಂಚು ತೆಗೆಯುವ ಡ್ರೈಬ್ರಷ್ ವಿಧಾನ ಉಣ್ಣೆಗೆ, ಸರಪಳಿ ಅಂಗಿಗೆ ಸರಿ. ನಯವಾದ ಕರಿ ಕವಚದ ಮೇಲೆ ಅದು ಸೀಮೆಸುಣ್ಣದ ಪುಡಿ ಉದುರಿಸುತ್ತದೆ. ಅವಸರವಿದ್ದರೂ ನಾನು ಅದರ ಕಡೆ ಹೋಗುವುದಿಲ್ಲ.

ಇಷ್ಟಾದ ಮೇಲೂ ಕವಚ ಬೂದಾಗಿ ಕಂಡರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಕಪ್ಪಿಗೆ ಒಂದು ಹನಿ ನೀಲಿ ಸೇರಿಸಿ, ತಳದ ಬಣ್ಣ ಕಾಣುವಷ್ಟು ನೀರು ಬೆರೆಸಿ, ಕುಂಚವನ್ನು ಟಿಶ್ಯೂ ಕಾಗದಕ್ಕೆ ಒರೆಸಿ, ಬೂದಿನ ಹರವಿನ ಮೇಲೆ ನೆರಳಿನ ಕಡೆಗೆ ಎಳೆಯಿರಿ. ಎರಡು ಮೂರು ಪದರದಲ್ಲಿ ಕವಚ ಮತ್ತೆ ಕಪ್ಪಿಗೆ ಇಳಿಯುತ್ತದೆ, ಅಂಚುಗಳು ಮಾತ್ರ ಉಳಿಯುತ್ತವೆ.

ಅಕ್ಕಪಕ್ಕದ ಬಣ್ಣಗಳ ಸಹಾಯವನ್ನೂ ಪಡೆಯಬೇಕು, ಏಕೆಂದರೆ ಕಣ್ಣು ಕಪ್ಪನ್ನು ಒಂಟಿಯಾಗಿ ಅಳೆಯುವುದಿಲ್ಲ, ನೆರೆಯ ಬಣ್ಣದೊಂದಿಗೆ ಹೋಲಿಸಿ ಅಳೆಯುತ್ತದೆ. ಬ್ಲ್ಯಾಕ್ ಟೆಂಪ್ಲರ್ಸ್‌ಗೆ ಬಿಳಿ ಭುಜಕವಚ, ಡೆತ್‌ವಾಚ್‌ಗೆ ಬೆಳ್ಳಿಯ ಎಡಗೈ ಇರುವುದು ಬರಿಯ ಲಾಂಛನಕ್ಕಲ್ಲ, ಅದು ಕಪ್ಪನ್ನು ಕಪ್ಪಾಗಿಸುವ ಉಪಾಯವೂ ಹೌದು. ಬೊಂಬೆ ನಿಂತ ಬುಡದ ನೆಲಕ್ಕೂ ಇದೇ ಮಾತು. ಎರೆಮಣ್ಣಿನ ಬಣ್ಣದ ನೆಲದ ಮೇಲೆ ಕರಿ ಕಾಲುಗಳು ಕರಗಿಹೋಗುತ್ತವೆ. ಬಾದಾಮಿಯ ಮರಳುಗಲ್ಲಿನ ಕೆಂಪು ನೆಲ ಕೊಟ್ಟು ನೋಡಿ, ನೀಲಿಗೆ ವಾಲುವ ಕಪ್ಪು ಅದರ ಮೇಲೆ ಚೆನ್ನಾಗಿ ಕೂರುತ್ತದೆ.

ಸವೆತ ಮತ್ತು ಧೂಳು ಬೇಕೆಂದರೆ ಮಿತಿಯಿರಲಿ. ಧೂಳು ಬೆಳಕನ್ನು ಚದುರಿಸಿ ಪ್ರತಿಬಿಂಬವನ್ನು ಕೊಲ್ಲುತ್ತದೆ, ಹಾಗಾಗಿ ಧೂಳು ಹಾಕಿದ ಕಡೆ ಹೊಳಪು ಇರಕೂಡದು. ಮಂಡಿಯಿಂದ ಕೆಳಗೆ ಬುಡದ ಮಣ್ಣಿನದೇ ಬಣ್ಣದ ಪುಡಿ ಸಾಕು. ಬಣ್ಣ ಕಿತ್ತುಹೋದ ಗಾಯಗಳಿಗೆ ಸ್ಪಂಜಿನ ಚೂರಿನಿಂದ ಗಾಢ ಕಂದು ಒತ್ತಿ, ಪ್ರತಿ ಗಾಯದ ಕೆಳ ಅಂಚಿಗೆ ಕೂದಲೆಳೆಯ ತಿಳಿ ಗೆರೆ ಎಳೆದರೆ ಗಾಯಕ್ಕೆ ಆಳ ಬರುತ್ತದೆ.

ವಾರ್ನಿಶ್ ಕೊನೆಯಲ್ಲಿ ಕೈಕೊಡುವ ಸಂಗತಿ. ಮ್ಯಾಟ್ ವಾರ್ನಿಶಿನಲ್ಲಿ ಬೆಳಕು ಚದುರಿಸುವ ಸೂಕ್ಷ್ಮ ಕಣಗಳಿರುತ್ತವೆ. ಅವು ಹೊಳಪು ತೆಗೆಯುವ ಜೊತೆಗೆ ಕಪ್ಪನ್ನೂ ಒಂದು ಮೆಟ್ಟಿಲು ಬೂದಾಗಿಸುತ್ತವೆ. ಹೊಳಪಿನ ಗ್ಲಾಸಿ ವಾರ್ನಿಶ್ ಕಪ್ಪನ್ನು ಆಳವಾಗಿಸುತ್ತದೆ ನಿಜ, ಆದರೆ ನೀವು ಬಳಿದ ಆಕಾಶದ ಮೇಲೆ ಕೋಣೆಯ ಟ್ಯೂಬ್‌ಲೈಟಿನ ನಿಜ ಪ್ರತಿಬಿಂಬ ಬಂದು ಕೂರುತ್ತದೆ, ಎರಡೂ ಜಗಳವಾಡುತ್ತವೆ. ಎರಡರ ನಡುವಿನ ಸ್ಯಾಟಿನ್ ನನ್ನ ಆಯ್ಕೆ. ಮೊದಲು ಕಪ್ಪು ಬಳಿದ ಪ್ಲಾಸ್ಟಿಕ್ ಚಮಚದ ಮೇಲೆ ಪರೀಕ್ಷಿಸಿ, ಒಣಗಿದ ಬಳಿಕ ಬೊಂಬೆಗೆ ಹೋಗಿ. ವಾರ್ನಿಶ್ ಆದ ಮೇಲೆ ಸಂದುಗಳ ಕಪ್ಪನ್ನೂ ಮೂಲೆಗಳ ಬಿಳಿ ಚುಕ್ಕೆಗಳನ್ನೂ ಇನ್ನೊಮ್ಮೆ ಮುಟ್ಟಿಸಬೇಕಾಗಬಹುದು.

ಫೋಟೊ ತೆಗೆಯುವವರಿಗೆ ಒಂದು ಎಚ್ಚರಿಕೆ. ಮೊಬೈಲ್ ಕ್ಯಾಮೆರಾ ಇಡೀ ಚಿತ್ರವನ್ನು ನಡುಮಟ್ಟದ ಬೆಳಕಿಗೆ ತರಲು ಹವಣಿಸುತ್ತದೆ. ಹಿನ್ನೆಲೆ ಬಿಳಿಯಿದ್ದರೆ ಅದು ಎಲ್ಲವನ್ನೂ ಕಪ್ಪಾಗಿಸಿ ನಿಮ್ಮ ಬೂದು ಹರವುಗಳನ್ನು ನುಂಗುತ್ತದೆ. ಹಿನ್ನೆಲೆ ಕಪ್ಪಿದ್ದರೆ ಎಲ್ಲವನ್ನೂ ತಿಳಿಯಾಗಿಸಿ ಕವಚವನ್ನು ಸ್ಲೇಟಿನ ಬಣ್ಣಕ್ಕೆ ತರುತ್ತದೆ. ನಡುಬೂದಿನ ಕಾಗದವೊಂದನ್ನು ಹಿಂದೆ ನಿಲ್ಲಿಸಿ, ಪರದೆಯ ಮೇಲೆ ಬೊಂಬೆಯನ್ನು ಒತ್ತಿ, ಬೆಳಕಿನ ಗುರುತನ್ನು ತುಸು ಕೆಳಗೆ ಎಳೆದು ತೆಗೆಯಿರಿ.